ರಟ್ಟೆ ಒತ್ತುವ ಹುಕುಂ

ಪ್ಲೇಗಿನ ಸೂಜಿ ಹಾಕಿಸಿಕೊಳ್ಳದವರನ್ನು ಕೆಲಸಕ್ಕೆ ಬಿಡಕೂಡದು ಎಂದು ನಿಜಾಮ ಸರ್ಕಾರದ ಹುಕುಂ ಬಂದಾಗ, ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ಮೊದಮೊದಲು ಡಾಕ್ಟರರ ಚೀಟಿ ತೋರಿಸಿದರೆ ಸಾಕಿತ್ತು. ಸ್ವಲ್ಪ ದಿನಗಳಲ್ಲಿಯೇ ಒಂದು ಚೀಟಿಯ ಮೇಲೆ ಒಂದು ಮನೆತನವೇ ಒಳಗೆ ಹೋಗಿ ಹತ್ತಿಯ ಅಂಡಿಗೆ ಹೊರತೊಡಗಿತು. ಆಗ ಮುನೀಮರು ತಲೆ ಓಡಿಸಿದರು. ಚೀಟಿ ಕೈಯಿಂದ ಕೈಗೆ ಹೋಗುತ್ತದೆ, ರಟ್ಟೆ ಹೋಗುವುದಿಲ್ಲ. ಸೂಜಿ ಚುಚ್ಚಿದ ರಟ್ಟೆ ಬಾತು ನೋಯುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದ್ದರಿಂದ ಗೇಟಿನಲ್ಲಿ ಜವಾನ ಖಾಜಾಹುಸೇನ ಪ್ರತಿಯೊಬ್ಬರ ಎಡರಟ್ಟೆ ಒತ್ತಬೇಕು. ಕೂಗಿದವನು ಒಳಗೆ, ಕೂಗದವನು ಮನೆಗೆ.

ಮಿಲ್ಲಿನಲ್ಲಿ ತೂಕ ಮಾಡುವ ಗುರಪ್ಪ ಇನ್ನೂ ಸೂಜಿ ಹಾಕಿಸಿಕೊಂಡಿರಲಿಲ್ಲ; ಅದುವರೆಗೆ ಅವನೂ ಬೇರೆಯವರ ಚೀಟಿಯ ಮೇಲೆಯೇ ಒಳಗೆ ಹೋಗುತ್ತಿದ್ದ. ಸೂಜಿ ಕಂಡರೆ ಅವನಿಗೆ ಭಯ, ಅದನ್ನೇಕೆ ಮುಚ್ಚಿಡಬೇಕು. ಆದರೆ ಅವತ್ತು ಭಯಕ್ಕಿಂತ ದೊಡ್ಡ ಕಾರಣವಿತ್ತು. ಅವನ ಮಗಳು ಚಂದಮ್ಮನನ್ನು ತಮ್ಮ ಮಗನಿಗಾಗಿ ನೋಡಲು ಕಕ್ಕೇರಾದಿಂದ ಬಸವಂತ್ರಾಯ ಎಂಬ ದೊಡ್ಡ ಒಕ್ಕಲಿನವರು ಸಂಜೆ ಬರುವವರಿದ್ದರು. ಹೋದ ವರ್ಷ ಇದೇ ಪ್ಲೇಗಿನ ಗದ್ದಲದಲ್ಲಿ ಒಂದು ಸಂಬಂಧ ತಪ್ಪಿಹೋಗಿತ್ತು. ಇದೂ ತಪ್ಪಿದರೆ ಹುಡುಗಿಯ ಕಾಲ್ಗುಣವನ್ನೇ ಜನ ಆಡಿಕೊಳ್ಳುತ್ತಾರೆಂದು ಗುರಪ್ಪನಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

"ಇವತ್ತೊಂದಿನ ಸೂಜಿ ಗೀಜಿ ಅನ್ನಬ್ಯಾಡ್ರಿ," ಎಂದಳು ಹೆಂಡತಿ ಸುಗಲಮ್ಮ. "ಜ್ವರ ಬಂದು ನೀವು ಹಾಸಿಗಿ ಹಿಡಿದ್ರ, ಬಂದವ್ರು ಹೊಸ್ತಿಲಾ ಸೈತ ದಾಟಂಗಿಲ್ಲ."

"ಸೂಜಿ ಇಲ್ಲಂದ್ರ ಮಿಲ್ಲಿನಾಗ ಬಿಡಂಗಿಲ್ಲಲ್ಲ. ನೌಕರಿ ಹೋದವನ ಮಗಳ್ನ ಯಾರ ಮಾಡ್ಕೋತಾರ?"

"ಪಂಪಣ್ಣನ್ನ ಕೇಳ್ರಿ. ಅವಗ ತಿಳೀಲಾರದ್ದು ಏನದ?"

ಪಂಪಣ್ಣ ಪಕ್ಕದ ಮನೆಯವನು, ಮಿಲ್ಲಿನ ಗೇಟಿನ ಎದುರಿಗೇ ಅವನ ಚಹಾದಂಗಡಿ. ಕೇಳಿದವರಿಗೆ ಚಹಾ, ಕೇಳದವರಿಗೆ ಬುದ್ಧಿ, ಎರಡನ್ನೂ ಬಿಸಿಬಿಸಿಯಾಗಿ ಕೊಡುವ ಮನುಷ್ಯ. ಗುರಪ್ಪನ ಕಷ್ಟ ಕೇಳಿ ಅವನು ಕೆಟಲಿಯನ್ನು ಕೆಳಗಿಟ್ಟ.

"ಬರೇ 'ಯವ್ವಾ' ಅಂದ್ರ ನಡ್ಯಂಗಿಲ್ಲ ಗುರಪ್ಪಣ್ಣ. ಅದು ಎಲ್ಲಾರೂ ಅಂತಾರ. ಮೊದ್ಲ ಹಲ್ಲು ಕಡಿ, ಆಮ್ಯಾಲ ಒಂದು ಕಾಲ ಎತ್ತು, ಆಮ್ಯಾಲ ಒದರು. ಎಲ್ಲಿ, ಒಮ್ಮಿ ಮಾಡಿ ತೋರ್ಸು."

ಗುರಪ್ಪ ಮಾಡಿ ತೋರಿಸಿದ. ಅಂಗಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು. ಪಂಪಣ್ಣ ತೃಪ್ತಿಯಿಂದ ತಲೆಯಾಡಿಸಿದ.

ಗೇಟಿನಲ್ಲಿ ಖಾಜಾಹುಸೇನನ ಹೆಬ್ಬೆರಳು ಅಂಗಿಗೆ ತಾಗಿತೋ ಇಲ್ಲವೋ, ಗುರಪ್ಪ ಕಲಿತದ್ದನ್ನೆಲ್ಲ ಒಮ್ಮೆಗೇ ಹೊರಹಾಕಿದ. ಖಾಜಾಹುಸೇನ ಹೆದರಿ ಕೈ ಹಿಂದೆಳೆದುಕೊಂಡ.

"ಅರೆ ಭಾಯಿ, ಮುಟ್ಟೇ ಇಲ್ಲ! ಹೋಗ್ರಿ, ಒಳಗ ಹೋಗ್ರಿ."

ಗುರಪ್ಪ ಗೆದ್ದೆನೆಂದುಕೊಂಡು ಒಳಗೆ ನಡೆದ. ಮುನೀಮರ ಕೋಣೆಯಲ್ಲಿ ಡಾಕ್ಟರ್ ಸಾಹೇಬರು ತಪಾಸಣೆಗೆಂದು ಬಂದು ಕೂತಿದ್ದು ಅವನಿಗೆ ಗೊತ್ತಿರಲಿಲ್ಲ. ಆ ಕೂಗು ಕೇಳಿ ಅವರು ಅವನನ್ನು ಕರೆಸಿಕೊಂಡು ಬಾಗಿಲು ಹಾಕಿಸಿದರು.

"ಸೂಜಿ ಯಾವಾಗ ಹಾಕ್ಸ್ಕೊಂಡಿ?"

"ಹೋದ ವಾರ್ರೀ," ಎಂದ ಗುರಪ್ಪ.

"ಹೋದ ವಾರದ ನೋವು ಇನ್ನೂ ಅದ?" ಡಾಕ್ಟರರು ಹುಬ್ಬು ಗಂಟಿಕ್ಕಿದರು. ರಟ್ಟೆ ಬಿಟ್ಟು, ಪ್ಲೇಗಿನ ಗಡ್ಡೆ ಏಳುವ ಕಂಕುಳನ್ನು ಒತ್ತಿದರು. "ಇಲ್ಲಿ?"

ಹೆಚ್ಚು ನೊಂದಷ್ಟೂ ಸೂಜಿ ಹಾಕಿಸಿಕೊಂಡದ್ದಕ್ಕೆ ಸಾಕ್ಷಿ ಗಟ್ಟಿಯಾಗುತ್ತದೆ ಎಂಬುದು ಗುರಪ್ಪನ ಲೆಕ್ಕ. "ಯವ್ವಾ!" ಎಂದ. ಕುತ್ತಿಗೆ ಒತ್ತಿದರು, ಅಲ್ಲಿಯೂ ಅಂದ. ತೊಡೆಯ ಸಂದಿನ ಹತ್ತಿರ ಕೈ ತಂದರು, ಕೈ ಬರುವ ಮೊದಲೇ ಒಂದು ಕಾಲು ಎತ್ತಿದ.

ಡಾಕ್ಟರರು ಎರಡು ಹೆಜ್ಜೆ ಹಿಂದೆ ಸರಿದು ಮೂಗಿಗೆ ಕರವಸ್ತ್ರ ಹಿಡಿದರು. "ಮುನೀಮಜಿ, ಬಂಡಿ ತರಸ್ರಿ. ಇವನಿಗಿ ಪ್ಲೇಗ್ ಇರಬೇಕು. ಊರ ಹೊರಗಿನ ಗುಡಿಸಲಿಗಿ ಸಾಗಸ್ರಿ, ಮನಿಗಿ ಕೀಲಿ ಹಾಕಸ್ರಿ."

ಕೀಲಿ ಎಂಬ ಮಾತು ಕೇಳಿದ್ದೇ ಗುರಪ್ಪನ ಕಣ್ಣ ಮುಂದೆ, ಬೀಗ ಬಿದ್ದ ಬಾಗಿಲಿನೆದುರು ಬಂಡಿ ಹಿಂದಿರುಗಿಸುವ ಕಕ್ಕೇರಾದವರು ಬಂದು ನಿಂತರು. ಅವನು ಡಾಕ್ಟರರ ಬೂಟುಗಳನ್ನು ತಬ್ಬಿಕೊಂಡ.

"ತಪ್ಪಾಯ್ತ್ರಿ ಸಾಹೇಬ್ರ! ಸೂಜಿನೂ ಹಾಕ್ಸ್ಕೊಂಡಿಲ್ಲ, ನೋವೂ ಇಲ್ಲ. ಬೇಕಾದ್ರ ಕಲ್ಲಿಲೆ ಜಜ್ಜಿ ನೋಡ್ರಿ, ಒದರಿದ್ರ ಕೇಳ್ರಿ."

ಡಾಕ್ಟರರು ಮತ್ತೆ ಎಲ್ಲ ಕಡೆ ಒತ್ತಿ ನೋಡಿದರು. ಗುರಪ್ಪ ಗೋಡೆಯಂತೆ ನಿಂತಿದ್ದ. ಅವರ ಸಿಟ್ಟು ನಗೆಯಾಗಿ ತಿರುಗಿತು, ಆದರೆ ಚೀಲದೊಳಗಿನ ಸೂಜಿಯೂ ಹೊರಗೆ ಬಂತು. ಮುನೀಮರು ಅವನ ಎರಡೂ ಕೈ ಹಿಡಿದುಕೊಂಡರು, ಸೂಜಿ ಎಡರಟ್ಟೆಗೆ ಇಳಿಯಿತು.

"ಸಂಜಿಗಿ ರಟ್ಟಿ ಬಾಯ್ತದ, ಜ್ವರ ಬರ್ತದ. ಮನಿಗಿ ಹೋಗಿ ಮಲ್ಕೋ," ಎಂದು ಡಾಕ್ಟರರು ಹರಗೋಲು ಹತ್ತಿ ಭೀಮಾ ನದಿ ದಾಟಿ ಶಹಾಪುರಕ್ಕೆ ಹೊರಟುಹೋದರು. ಮಿಲ್ಲಿನ ಮರ್ಯಾದೆ ಹೋಗದಿರಲೆಂದು ಮುನೀಮರು ಗುರಪ್ಪನನ್ನು ಹಿತ್ತಲ ಬಾಗಿಲಿನಿಂದ ಕಳಿಸಿದರು. ಹೀಗಾಗಿ ಒಳಗೆ ನಡೆದದ್ದು ಪಂಪಣ್ಣನಿಗೂ ಗೊತ್ತಾಗಲಿಲ್ಲ.

ಸಂಜೆಗೆ ರಟ್ಟೆ ಹದವಾಗಿ ಉಬ್ಬಿದ ಜೋಳದ ರೊಟ್ಟಿಯಂತೆ ಆಗಿತ್ತು. ಮೈ ಸುಡುತ್ತಿತ್ತು. ಸುಗಲಮ್ಮ ಅವನಿಗೆ ತುಂಬುತೋಳಿನ ಅಂಗಿ ತೊಡಿಸಿ, ಹೊಸ ರುಮಾಲು ಸುತ್ತಿ, ಜಮಖಾನೆಯ ಮೇಲೆ ಕೂಡಿಸಿದಳು.

"ಜೀವ ಹೋದ್ರೂ ಒದರಬ್ಯಾಡ್ರಿ. ನಕ್ಕೋತ ಕೂಡ್ರಿ."

ಬಸವಂತ್ರಾಯರು ಹೆಂಡತಿಯೊಂದಿಗೆ ಬಂದಾಗ ಗುರಪ್ಪ ನಗುತ್ತಲೇ ಎದ್ದ. ಅವರದು ದೊಡ್ಡ ಆಳು, ಪ್ರೀತಿಯೂ ಅಷ್ಟೇ ದೊಡ್ಡದು. ನಮಸ್ಕಾರ ಎನ್ನುತ್ತಲೇ ಗುರಪ್ಪನ ಎಡರಟ್ಟೆಯನ್ನು ಗಟ್ಟಿಯಾಗಿ ಹಿಡಿದರು. ಗುರಪ್ಪನಿಗೆ ಹಗಲಲ್ಲೇ ನಕ್ಷತ್ರ ಕಂಡವು. ಆದರೂ ಬಾಯಿಂದ ಒಂದೇ ಒಂದು ಸ್ವರ ಹೊರಡಲಿಲ್ಲ. ಬಸವಂತ್ರಾಯರು ಅವನ ಮುಖವನ್ನೇ ನೋಡುತ್ತ ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ ಹಿಚುಕಿದರು.

"ಬರ್ರಿ... ಕೂಡ್ರಿ... ಆರಾಮ ಇದ್ದೀರಿ?" ಎಂದ ಗುರಪ್ಪ. ಕಣ್ಣಲ್ಲಿ ನೀರು ಬಂದಿತ್ತು, ಸಂತೋಷಕ್ಕೆ ಬಂದಂತೆ ಕಾಣಲೆಂದು ಇನ್ನಷ್ಟು ನಕ್ಕ.

ಬಸವಂತ್ರಾಯರು ಕೂಡಲಿಲ್ಲ. "ಗುರಪ್ಪನವ್ರ, ಸೂಜಿ ಹಾಕ್ಸ್ಕೊಂಡೀರಿ?"

"ಹೌದ್ರಿ, ಹೌದ್ರಿ!"

"ಸುಳ್ಳ ಹೇಳಬ್ಯಾಡ್ರಿ. ನಮ್ಮ ಮನ್ಯಾಗ ಎಲ್ಲಾರೂ ಹಾಕ್ಸ್ಕೊಂಡೀವಿ. ನದಿ ದಾಟೋ ನಾಕಾದಾಗ ರಟ್ಟಿ ಮುಟ್ಟಿದ್ರ ನಾ ಹ್ಯಾಂಗ ಒದರಿದೆ, ನಮ್ಮಾಕಿನ್ನ ಕೇಳ್ರಿ. ನಿಮ್ಮದು ಎರಡ ಸಲ ಹಿಚುಕೀನಿ, ನೀವು ನಗಾಕತ್ತೀರಿ."

"ಅದು ನಾ ತಡ್ಕೊಂಡಿದ್ದ್ರಿ!"

"ದಾರಿ ಕೇಳಾಕ ಗೇಟಿನ ಮುಂದಿನ ಚಹಾದಂಗಡಿಗಿ ಹೋಗಿದ್ವಿ. 'ಗುರಪ್ಪನ ಮನಿಗೇನ್ರಿ? ಸೂಜಿ ಹಾಕ್ಸ್ಕೊಳ್ದೇ ಅವನ್ಹಂಗ ಒದರವ್ರು ಈ ಊರಾಗೇ ಇಲ್ಲ, ನಾನೇ ಕಲ್ಸೀನಿ' ಅಂದ ಅವ. ನಾ ನಂಬಲಿಲ್ಲ. ಅದಕ್ಕ ಹಿಚುಕಿ ನೋಡ್ದೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದು ಗುರಪ್ಪ ಅಂಗಿಯನ್ನೇ ಕಳೆದು ರಟ್ಟೆ ತೋರಿಸಿದ. ಅದು ಕೆಂಪಗೆ, ಬಿಗಿದು ಹೊಳೆಯುತ್ತಿತ್ತು. ಬಸವಂತ್ರಾಯರ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಸೂಜಿ ಹಾಕ್ಸ್ಕೊಂಡಿಲ್ಲ ಅಂದ್ರ," ಎಂದು ಹಿಂದೆ ಹಿಂದೆ ಸರಿಯುತ್ತ ಬಸವಂತ್ರಾಯರು ಕೇಳಿದರು, "ಈ ಬಾವು ಯಾತರದ್ರೀ?"

ಉತ್ತರಕ್ಕೆ ಅವರು ಕಾಯಲಿಲ್ಲ. ಓಣಿಯ ತಿರುವಿನಲ್ಲಿ ಅವರ ಬಂಡಿಯ ಎತ್ತುಗಳ ಗಂಟೆ ಕೇಳಿಸಿ ದೂರವಾಯಿತು. ಮಂಡಕ್ಕಿ ಸೂಸಲದ ತಾಟು ಹಿಡಿದು ಹೊರಗೆ ಬಂದ ಚಂದಮ್ಮ ಖಾಲಿ ಜಮಖಾನೆ ನೋಡಿ, ತಾಟಿನೊಂದಿಗೇ ಒಳಗೆ ಹೋದಳು. ಮಗಳ ಮುಖ ನೋಡಲು ಗುರಪ್ಪನಿಗೆ ನಾಚಿಕೆಯಾಯಿತು.

"ನನಗರ ಖರೇ ಹೇಳ್ರಿ," ಎಂದು ಸುಗಲಮ್ಮ ದುಃಖ ತಡೆಯಲಾರದೆ ಅವನ ರಟ್ಟೆ ಹಿಡಿದು ಅಲುಗಾಡಿಸಿದಳು, "ಸೂಜಿ ಹಾಕ್ಸ್ಕೊಂಡೀರೋ ಇಲ್ಲೋ?"

ಗುರಪ್ಪ ಅಷ್ಟು ಹೊತ್ತು ನುಂಗಿಕೊಂಡಿದ್ದ ನೋವೆಲ್ಲ ಒಮ್ಮೆಗೇ ಹೊರಗೆ ಬಂತು. ಅವನು ಹಲ್ಲು ಕಡಿದು, ಒಂದು ಕಾಲು ಎತ್ತಿ, ಓಣಿಯೇ ನಡುಗುವಂತೆ ಕೂಗಿದ.

ಪಕ್ಕದ ಗೋಡೆಯ ಮೇಲೆ, ಆಗಷ್ಟೇ ಅಂಗಡಿ ಮುಚ್ಚಿ ಬಂದಿದ್ದ ಪಂಪಣ್ಣನ ತಲೆ ಕಾಣಿಸಿತು.

"ಶಾಬಾಸ್ ಗುರಪ್ಪಣ್ಣ!" ಎಂದ ಅವನು. "ಮುಂಜಾನಿಗಿಂತ ಛಲೋ ಬಂತು ನೋಡು!"