ಮಾಳಿಗೆ ಮೇಲಿನ ಹೀಟ್ ಪಂಪು

ಬಂಡೆಪ್ಪ ಬರೆದದ್ದು ಒಂದೇ ಸಾಲು. ಅದನ್ನು ಕನ್ನಡದಲ್ಲಿ ಬರೆದಿದ್ದರೆ ಆ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ಗಲಾಟೆಯೂ ಆಗುತ್ತಿರಲಿಲ್ಲ. ಅವನು ತೆಲುಗಿನಲ್ಲಿ ಬರೆದ.

ಹುಮನಾಬಾದ್ ಕಡೆಯ ಬಂಡೆಪ್ಪನಿಗೆ ತೆಲುಗು ಸೀಮೆಯ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ. ಮನೆ ಮಣಿಕೊಂಡದಲ್ಲಿ, ನಾಲ್ಕನೇ ಮಹಡಿ. ಹೆಂಡತಿ ಉಮಾಬಾಯಿಯ ಬೆರಳ ಗಂಟುಗಳು ಬಾತು, ತಣ್ಣೀರು ಮುಟ್ಟಿದರೆ ಜೀವ ಹೋದಂತೆ ಆಗುತ್ತಿತ್ತು. ಹಳೆಯ ಗೀಸರು ಎರಡು ಸಲ ಶಾಕ್ ಕೊಟ್ಟು ಮೂಲೆ ಸೇರಿತ್ತು. ಕರೆಂಟು ಕಡಿಮೆ ತಿನ್ನುತ್ತದೆ, ನಲ್ಲಿ ತಿರುವಿದಾಗೆಲ್ಲ ಬಿಸಿನೀರು ಬರುತ್ತದೆ ಎಂದು ಕೇಳಿ ಬಂಡೆಪ್ಪ ಹೀಟ್ ಪಂಪು ತರಿಸಿದ. ಅದನ್ನು ಮಾಳಿಗೆ ಮೇಲೆ ಕೂಡಿಸಲು ಎಲ್ಲರ ಒಪ್ಪಿಗೆ ಬೇಕಿತ್ತು. ಅದಕ್ಕೇ ಎರಡನೇ ಶನಿವಾರ ಬೆಳಿಗ್ಗೆ ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸಿದ: ‘ಮೇಡ ಮೀದಿಕಿ ಹೀಟ್ ಪಂಪುತಾನು.’

ಮಾಳಿಗೆ ಮೇಲೆ ಹೀಟ್ ಪಂಪು ಹಾಕುತ್ತೇನೆ ಎಂಬುದು ಅವನ ಲೆಕ್ಕ. ತೆಲುಗಿನಲ್ಲಿ ಪಂಪು ಎಂದರೆ ಕಳಿಸು, ಪಂಪುತಾನು ಎಂದರೆ ಕಳಿಸುತ್ತೇನೆ. ಓದಿದವರಿಗೆ ತಿಳಿದದ್ದು, ಈ ಮನುಷ್ಯ ಮೇ ತಿಂಗಳಲ್ಲಿ ಮಾಳಿಗೆಗೆ ಬಿಸಿ ಕಳಿಸುತ್ತಾನೆ ಎಂದು.

ಮಾಳಿಗೆಯ ಕೆಳಗೇ, ಐದನೇ ಮಹಡಿಯಲ್ಲಿ ಇದ್ದವಳು ಸುಹಾಸಿನಿ. ಅವಳ ಮನೆ ಆಗಲೇ ರೊಟ್ಟಿ ಹಂಚಿನಂತೆ ಕಾದಿತ್ತು. ಅವಳು ಮನೆ ಮನೆ ಬಾಗಿಲು ಬಡಿದಳು. ಹತ್ತು ಗಂಟೆಗೆ ಸೆಕ್ರೆಟರಿ ನರಸಿಂಹನನ್ನು ಮುಂದೆ ಮಾಡಿಕೊಂಡು ಜನ ಮಾಳಿಗೆ ಹತ್ತಿದರು. ನರಸಿಂಹ ಮಕ್ತಲ್ ಕಡೆಯವನು, ಓದು ಬರಹ ತೆಲುಗಾದರೂ ಬಾಯಲ್ಲಿ ಕನ್ನಡವಿತ್ತು.

“ಏನ್ರಿ ಬಂಡೆಪ್ಪೋರೆ, ಮ್ಯಾಲಿನ ಬಿಸಿಲು ಸಾಲವಲ್ದೇನು? ನೀವ್ಯಾಕ ಮತ್ತಷ್ಟು ಕಳಸಾಕತ್ತೀರಿ?”

ಅಷ್ಟರಲ್ಲಿ ಮೆಕ್ಯಾನಿಕ್ ಪವನ ಮೆಟ್ಟಿಲ ಕೋಣೆಯ ನೆರಳಿನಲ್ಲಿ ಮಷೀನು ಕೂಡಿಸಿ, ಅರ್ತಿಂಗ್ ತಂತಿ ಬಿಗಿದು, ಟ್ಯಾಂಕಿಗೆ ನೀರು ತುಂಬಿಸಿದ್ದ. ಜಹೀರಾಬಾದಿನ ಪವನ ನಿಧಾನಸ್ಥ.

“ಇದು ಗಾಳ್ಯಾಗಿನ ಬಿಸಿ ಎಳಕೊಂಡು ನೀರಿಗೆ ಕೊಡತೈತ್ರಿ,” ಎಂದ. “ಹೊರಗ ಬಿಡೂದು ತಣ್ಣನ ಗಾಳಿ.”

ಯಾರೂ ನಂಬಲಿಲ್ಲ. ಸಂಜೆ ಐದರವರೆಗೆ ನಡೆಸಿ ನೋಡುವುದು, ತಣ್ಣಗಿದ್ದರೆ ಒಪ್ಪಿಗೆ ಬರೆದುಕೊಡುವುದು, ಇಲ್ಲವಾದರೆ ಇವತ್ತೇ ಬಿಚ್ಚಿ ಇಳಿಸುವುದು ಎಂದು ನರಸಿಂಹ ತೀರ್ಮಾನ ಹೇಳಿದ.

ಪವನ ಸ್ವಿಚ್ ಒತ್ತಿದ. ಸ್ವಲ್ಪ ಹೊತ್ತಿಗೆ ಫ್ಯಾನಿನಿಂದ ತಂಪು ಗಾಳಿ ಬೀಸತೊಡಗಿತು. ಸುಹಾಸಿನಿ ಮೊದಲು ಅಂಗೈ ಹಿಡಿದಳು, ಆಮೇಲೆ ಮುಖ ಹಿಡಿದಳು, ಕೊನೆಗೆ ಕೆಳಗೆ ಹೋಗಿ ಕುರ್ಚಿ ತಂದಳು. ಹನ್ನೊಂದಕ್ಕೆ ಮಾಳಿಗೆ ತುಂಬಾ ಚಾಪೆ. ಒಬ್ಬರು ಗೋಂಗೂರ ಸೊಪ್ಪು ಬಿಡಿಸುತ್ತಿದ್ದರು, ಇಬ್ಬರು ಇಸ್ಪೀಟು ಹಂಚುತ್ತಿದ್ದರು. ಬಂಡೆಪ್ಪ ಮದುಮಗನ ಅಪ್ಪನಂತೆ ಎಲ್ಲರನ್ನೂ ಮಾತಾಡಿಸುತ್ತ ಓಡಾಡಿದ.

ಹನ್ನೆರಡಕ್ಕೆ ಮಷೀನು ನಿಂತಿತು.

ಕೆಟ್ಟಿಲ್ಲ, ಟ್ಯಾಂಕಿನ ನೀರು ಕಾದಿದೆ, ಬಿಸಿನೀರು ಖರ್ಚಾದರೆ ಮತ್ತೆ ಶುರುವಾಗುತ್ತದೆ ಎಂದ ಪವನ. ಹಾಗಾದರೆ ನೀರು ಚೆಲ್ಲಿಬಿಡುತ್ತೇನೆ ಎಂದು ಬಂಡೆಪ್ಪ ಎದ್ದ. ನರಸಿಂಹ ತಡೆದ. ಟ್ಯಾಂಕರ್ ನೀರಿನ ಮೇಲೆ ಬದುಕುವ ಬಿಲ್ಡಿಂಗಿನಲ್ಲಿ ಒಂದು ತಂಬಿಗೆ ಚೆಲ್ಲಿದರೂ ದಂಡವಿತ್ತು.

“ಚಲ್ಲೂದು ತಪ್ಪು. ಜಳಕಾ ಮಾಡೂದು ತಪ್ಪಲ್ಲ,” ಎಂದ ನರಸಿಂಹ.

ಮೇ ತಿಂಗಳಲ್ಲಿ ಬಿಸಿನೀರು ಮೈಮೇಲೆ ಹಾಕಿಕೊಳ್ಳಲು ಬೇರೆ ಯಾರೂ ತಯಾರಿರಲಿಲ್ಲ. ಎಲ್ಲರೂ ಬಂಡೆಪ್ಪನ ಕಡೆ ನೋಡಿದರು. ಅವನು ಬೆಳಿಗ್ಗೆಯೇ ಜಳಕ ಮಾಡಿದ್ದ. ಹೋಗಿ ಮತ್ತೆ ಮಾಡಿದ. ನಾಲ್ಕು ಬಕೀಟು ಖಾಲಿಯಾದ ಮೇಲೆ ಮಾಳಿಗೆಯಿಂದ ಚಪ್ಪಾಳೆ ಕೇಳಿಸಿತು.

ಒಂದೂವರೆಗೆ ಮತ್ತೆ ಕರೆ ಬಂತು. ಎರಡೂ ಮುಕ್ಕಾಲಿಗೆ ಇನ್ನೊಂದು. ನಾಲ್ಕನೇ ಜಳಕದ ಹೊತ್ತಿಗೆ ಮೈಮೇಲೆ ತೊಳೆಯುವಂಥದ್ದು ಏನೂ ಉಳಿದಿರಲಿಲ್ಲ. ಬೆರಳ ತುದಿಗಳು ಒಣದ್ರಾಕ್ಷಿಯಾದವು, ಮುಖ ಗಜ್ಜರಿಯಂತೆ ಕೆಂಪಾಯಿತು.

ಈ ನಡುವೆ ಸುಹಾಸಿನಿಗೆ ಇನ್ನಷ್ಟು ತಂಪು ಬೇಕೆನಿಸಿ, ಒದ್ದೆ ಚಾದರವನ್ನು ಮಷೀನಿನ ಹಿಂದೆ, ಅದು ಗಾಳಿ ಎಳೆದುಕೊಳ್ಳುವ ಕಡೆ ಕಟ್ಟಿದಳು. ಮಷೀನು ಚಾದರವನ್ನು ಬೆನ್ನಿಗವಚಿಕೊಂಡು ಉಸಿರುಗಟ್ಟಿ ನಿಂತಿತು. ಬಂಡೆಪ್ಪ ಟವೆಲ್ಲಿನಲ್ಲೇ ಓಡಿ ಬಂದು ಚಾದರಕ್ಕೆ ಕೈ ಹಾಕಲು ಹೋದ. ಪವನ ಅವನ ರಟ್ಟೆ ಹಿಡಿದ.

“ಮೊದಲ ಮೇನ್ ಆಫ್ ಮಾಡಬೇಕ್ರಿ, ಆಮ್ಯಾಲೆ ಮುಟ್ಟಬೇಕು. ಅದೂ ಹಸೀ ಕೈಲೆ ಬ್ಯಾಡ.”

ನಿಮ್ಮ ಕೈ ಇವತ್ತು ಒಣಗುವ ಲಕ್ಷಣ ಕಾಣುವುದಿಲ್ಲ ಎಂದು ಅವನೇ ಮೇನ್ ಇಳಿಸಿ, ಫ್ಯಾನು ಪೂರಾ ನಿಂತ ಮೇಲೆ ಚಾದರ ಬಿಡಿಸಿದ. ಸುತ್ತ ಒಂದು ಮಾರು ಜಾಗ ಬಿಡಬೇಕು, ಗ್ಯಾಸಿನ ಪೈಪಿಗೆ ಮೆಕ್ಯಾನಿಕ್ ಬಿಟ್ಟು ಯಾರೂ ಕೈ ಹಾಕಬಾರದು ಎಂದು ಎಲ್ಲರಿಗೂ ಹೇಳಿದ. ಜನ ಚಾಪೆಗಳನ್ನು ಭಕ್ತಿಯಿಂದ ಹಿಂದೆ ಸರಿಸಿದರು.

ಐದು ಗಂಟೆಗೆ ನರಸಿಂಹ ಕಾಗದ ಬರೆದ. ಉಮಾಬಾಯಿಯೂ ಮೇಲೆ ಬಂದಳು. ಅವಳು ಅವತ್ತು ಮೊದಲ ಸಲ ನರಳದೆ ಪಾತ್ರೆ ತೊಳೆದಿದ್ದಳು. ತನ್ನ ತೆಲುಗಿನ ಮೇಲೆ ನಂಬಿಕೆ ಹೋಗಿದ್ದ ಬಂಡೆಪ್ಪ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿರೆಂದ. ನರಸಿಂಹ ಗಂಟಲು ಸರಿಮಾಡಿಕೊಂಡು ಹೇಳತೊಡಗಿದ. ಮಷೀನು ಮಾಳಿಗೆ ಮೇಲೆ ಕಾಯಮ್ಮಾಗಿ ಇರಲು ಎಲ್ಲರ ಒಪ್ಪಿಗೆ ಇದೆ. ಮಳೆಗಾಲ ಶುರುವಾಗುವ ತನಕ ಮಾಲೀಕರು ದಿನಾ ನಾಲ್ಕು ಸಲ ಜಳಕ ಮಾಡತಕ್ಕದ್ದು. ಡ್ಯೂಟಿಗೆ ಅಥವಾ ಊರಿಗೆ ಹೋಗುವಾಗ ತಮ್ಮ ಬದಲಿಗೆ ಜಳಕ ಮಾಡುವವರನ್ನು ಗೊತ್ತು ಮಾಡಿ ಹೋಗತಕ್ಕದ್ದು.

ಬಂಡೆಪ್ಪ ಹೆಂಡತಿಯ ಮುಖ ನೋಡಿದ.

“ಸಹಿ ಮಾಡ್ರಿ,” ಎಂದಳು ಉಮಾಬಾಯಿ. “ನಿಮ್ಮ ಮೈಯೇನ್ ಸವೆಯೂದಿಲ್ಲ.”

ಸಹಿ ಮಾಡಿದ. ಪೆನ್ನು ವಾಪಸು ಕೊಡುತ್ತ ಮೆಲ್ಲಗೆ ಕೇಳಿದ:

“ಐತಾರ ಒಂದಿನ ರಜಾ ಐತೇನ್ರಿ?”

ನರಸಿಂಹ ಕಾಗದ ಮಡಚಿ ಜೇಬಿಗಿಟ್ಟ.

“ಐತಾರ ಎಲ್ಲಾರೂ ಮನ್ಯಾಗ ಇರ್ತಾರಲ್ರಿ. ಅವತ್ತು ಆರು.”