ಅಕ್ಕನ ಗುಹೆಯಲ್ಲಿ ನಿಂತವಳು

ನಮ್ಮ ಅಕ್ಕ ಬೆಳಗಿನ ಕಾಫಿ ಕುಡಿಯುವ ಮೊದಲು ಏನಿಲ್ಲವೆಂದರೂ ಹದಿನೇಳು ಅಸ್ಥಿಪಂಜರಗಳನ್ನು ಕೊಲ್ಲುತ್ತಾಳೆ. ಗಾಬರಿಯಾಗಬೇಡಿ. ಇರುವೆಯ ಸಾಲು ಕಂಡರೆ ದಾಟದೆ ಸುತ್ತಿ ಹೋಗುವ ಎಪ್ಪತ್ತೆರಡರ ಹೆಂಗಸು ಅವಳು. ಕೊಲ್ಲುವುದೆಲ್ಲ ಟಿ.ವಿ. ಪರದೆಯ ಮೇಲೆ, ಗೇಮಿನಲ್ಲಿ.

ಮೂರು ವರ್ಷದ ಹಿಂದೆ ದರ್ಬೆಯ ಮನೆಯ ಮೆಟ್ಟಿಲಲ್ಲಿ ಜಾರಿ ಅವಳ ಬಲಗೈ ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ಬೆರಳು ಮಡಚಲಿಲ್ಲ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದಾಕೆ ತನ್ನ ಗೇಮಿನ ಕಂಟ್ರೋಲರನ್ನು ಅವಳ ಕೈಗೆ ಕೊಟ್ಟು, "ಇದರ ಗುಂಡಿ ಒತ್ತಿ ಅಮ್ಮ, ಬೆರಳು ಸಡಿಲ ಆಗ್ತದೆ" ಎಂದಳು. ಆರು ವಾರದಲ್ಲಿ ಬೆರಳು ಸರಿಯಾಯಿತು. ಅಕ್ಕ ಸರಿಯಾಗಲಿಲ್ಲ. ತನ್ನದೇ ಒಂದು ಸೆಟ್ ತರಿಸಿಕೊಂಡಳು, ಅದೂ ಎರಡು ಕಂಟ್ರೋಲರ್ ಇರುವಂಥದ್ದು.

ಆಟ ಇಷ್ಟೇ. ಗುಹೆಗೆ ನುಗ್ಗಿ ರಾಕ್ಷಸರನ್ನು ಹೊಡೆಯಬೇಕು. ಅವರು ಬೀಳಿಸಿದ ಕತ್ತಿ, ಗುರಾಣಿ, ಪಾದರಕ್ಷೆಗಳನ್ನು ಹೆಕ್ಕಬೇಕು. ಹೆಕ್ಕಿದ್ದನ್ನು ತೊಟ್ಟು ಇನ್ನೂ ದೊಡ್ಡ ರಾಕ್ಷಸರನ್ನು ಹೊಡೆದು, ಇನ್ನೂ ಒಳ್ಳೆಯದನ್ನು ಹೆಕ್ಕಬೇಕು.

"ಇದಕ್ಕೆ ಕೊನೆ ಎಲ್ಲಿ ಅಕ್ಕ?"

"ಪಾತ್ರೆ ತೊಳೆಯುದಕ್ಕೆ ಕೊನೆ ಉಂಟಾ?"

ಗೇಮಿನವರು ಸಾಮಾನಿನ ದರ್ಜೆ ಗೊತ್ತಾಗಲೆಂದು ನೀಲಿ, ಹಳದಿ ಎಂದು ಬಣ್ಣ ಕೊಟ್ಟಿದ್ದಾರೆ. ಅಕ್ಕನಿಗೆ ಅದು ಬೇಕಾಗಿಲ್ಲ. ಭಾವನ ಅಡಿಕೆ ಅಂಗಡಿಯಲ್ಲಿ ನಲವತ್ತು ವರ್ಷ ಗೋಣಿಯ ಮೇಲೆ ಕೂತು ಅಡಿಕೆ ಆರಿಸಿದವಳು ಅವಳು. ಭಾವ ಹೋದರು, ಅಂಗಡಿ ಮುಚ್ಚಿತು, ಆರಿಸುವ ಕಣ್ಣು, ಅಡಿಕೆ ದರ್ಜೆಯ ಹೆಸರುಗಳು ಮಾತ್ರ ಉಳಿದವು. "ಈ ಕತ್ತಿ ಪಟೋರ, ಬಿರುಕು ಉಂಟು. ಈ ಗುರಾಣಿ ಕರಿಗೋಟು, ಬಿಸಾಡುದೇ. ಇದು ನೋಡು, ಒಳ್ಳೆ ಚಾಲಿ!" ಅಂಥ ಚಾಲಿ ಸಿಗುವುದು ತಿಂಗಳಿಗೊಂದು.

ಇದು ಬೆಳಗಿನ ಆಟ. ಸಂಜೆಯದು ಬೇರೆ. ಅದರಲ್ಲಿ ಸತ್ತರೆ ಕೂಡಿಸಿದ್ದೆಲ್ಲ ಹೋಯಿತು, ಬರಿಗೈಯಲ್ಲಿ ಮೊದಲಿನಿಂದ ಶುರು. ಎರಡೆರಡು ಏಕೆಂದು ಕೇಳಿದರೆ, "ಒಂದು ಕೂಡಿಡುದಕ್ಕೆ, ಒಂದು ಬಿಡುದಕ್ಕೆ. ಎರಡೂ ಅಭ್ಯಾಸ ಬೇಕಲ್ಲ ಮಾರಾಯ್ತಿ" ಎನ್ನುತ್ತಾಳೆ.

ಸತ್ತಾಗಲೆಲ್ಲ ನನಗೆ ಫೋನ್ ಮಾಡುವುದು ಅವಳ ಕ್ರಮ. ಒಮ್ಮೆ ನಾನು ಸುಳ್ಯದ ಬಸ್ಸಿನಲ್ಲಿದ್ದೆ. ಗದ್ದಲದಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದೆ. "ನಾನು ಸತ್ತೆ ಮಾರಾಯ್ತಿ" ಎಂಬ ದನಿ ಬಸ್ಸಿಗೆಲ್ಲ ಕೇಳಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

"ಸತ್ತದ್ದು ಯಾರು ಅಮ್ಮ?"

"ನನ್ನ ಅಕ್ಕ."

"ಫೋನ್ ಮಾಡಿದ್ದು?"

"ಅವಳೇ."

ಅವನು ಸುಳ್ಯ ಮುಟ್ಟುವವರೆಗೂ ನನ್ನ ಸೀಟಿನ ಹತ್ತಿರ ಬರಲಿಲ್ಲ.

ನನ್ನ ವಿಷಯ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಕಡಬದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದೆ. ಮದುವೆಯಾಗಲಿಲ್ಲ. ಈಗ ಸುಳ್ಯದಲ್ಲಿ ಎರಡು ಕೋಣೆಯ ಮನೆ. ಇವತ್ತಿಗೂ ಐದಕ್ಕೆ ಏಳುತ್ತೇನೆ. ಎಬ್ಬಿಸಲು ಹುಡುಗಿಯರು ಇಲ್ಲವಾದ್ದರಿಂದ ಬೆಳಗಿನ ಕೆಲಸ ಬೇಗ ಮುಗಿಯುತ್ತದೆ, ಉಳಿದ ಹೊತ್ತು ಉದ್ದ. ಪ್ರತಿ ಮಂಗಳವಾರ ಮೂರಕ್ಕೆ ಅಕ್ಕನ ಮನೆ ತಲುಪಿ, ಐದೂ ಹತ್ತರ ಬಸ್ಸಿಗೆ ವಾಪಸು. ಒಂದು ಸಲವೂ ತಪ್ಪಿಲ್ಲ.

ನಾನು ಕೂರುವ ಕುರ್ಚಿಯ ಮೇಲೆ ಪ್ರತಿ ವಾರವೂ ಎರಡನೆಯ ಕಂಟ್ರೋಲರ್ ಬಿದ್ದಿರುತ್ತದೆ. ನಾನು ಅದನ್ನು ಎತ್ತಿ, ಒರೆಸಿ, ಕಪಾಟಿನಲ್ಲಿಟ್ಟು ಕೂರುತ್ತೇನೆ. ಮುಂದಿನ ವಾರ ಮತ್ತೆ ಕುರ್ಚಿಯ ಮೇಲೆ! ವಸ್ತುಗಳಿಗೆ ಒಂದು ಜಾಗ ಎಂಬುದು ಬೇಡವೇ?

ನಾನು ಬಂದಾಗ ಅಕ್ಕ ಬೆಳಗಿನ ಆಟವನ್ನೇ ಮತ್ತೆ ಹಾಕುತ್ತಾಳೆ. ಎರಡು ವರ್ಷದಿಂದ ಅವಳು ಅದರ ಮೊದಲ ಗುಹೆಯಲ್ಲೇ ಇದ್ದಾಳೆ. ಆ ಗುಹೆಯ ಮೂಲೆಯಲ್ಲಿ ಇನ್ನೊಬ್ಬಳು ಗೊಂಬೆಯಂತೆ ನಿಂತಿರುತ್ತಾಳೆ. ರಾಕ್ಷಸರು ಅವಳ ಮೇಲೆ ಬಿದ್ದಾಗ ಅಕ್ಕ ಓಡಿ ಬಂದು ಕಾಪಾಡಬೇಕು.

"ಯಾರು ಅವಳು, ಕೈಕಾಲು ಆಡಿಸದವಳು?"

"ಒಬ್ಬಳು ಉಂಟು. ನಿಲ್ಲುದೇ ಕೆಲಸ."

"ಅವಳನ್ನು ಬಿಟ್ಟು ಮುಂದೆ ಹೋಗು."

"ಹೋಗುವಾ. ಅರ್ಜೆಂಟು ಎಂತ?"

ಕಳೆದ ಮಂಗಳವಾರ ನಾಲ್ಕೂವರೆಗೆ ಅಕ್ಕ ಎದುರಿದ್ದ ರಾಕ್ಷಸರನ್ನೆಲ್ಲ ಮುಗಿಸಿ, ಆಟ ಹಾಗೇ ಬಿಟ್ಟು ಗೋಳಿಬಜೆ ಕರಿಯಲು ಒಳಗೆ ಹೋದಳು. ಕಪಾಟಿನಲ್ಲಿಟ್ಟ ಎರಡನೆಯ ಕಂಟ್ರೋಲರಿನಲ್ಲಿ ಧೂಳು ಉಳಿದದ್ದು ಕಂಡು, ತೆಗೆದು ಮತ್ತೆ ಒರೆಸುತ್ತಿದ್ದೆ. ಯಾವುದೋ ಗುಂಡಿ ಒತ್ತಿಹೋಗಿ ಮೂಲೆಯವಳ ಚೀಲ ತೆರೆದುಕೊಂಡಿತು. ಒಳಗೆ ಸಾಮಾನು ತುಂಬಿ ತುಳುಕುತ್ತಿತ್ತು. ಕೆಲಸ ಮಾಡದವಳಿಗೆ ಇಷ್ಟೇಕೆ? ತಿಂಗಳುಗಟ್ಟಲೆ ಮುಟ್ಟದ ಪೆಟ್ಟಿಗೆಯನ್ನು ಖಾಲಿ ಮಾಡಿಸುವುದು ನನ್ನ ಹಾಸ್ಟೆಲಿನ ನಿಯಮವಾಗಿತ್ತು. ಬಿಸಾಡುವ ಗುಂಡಿ ಯಾವುದೆಂದು ನೋಡಿ ನೋಡಿ ಗೊತ್ತಿತ್ತು. ಒಂದೊಂದೇ ಮಾಯವಾಗಿ ಹತ್ತು ನಿಮಿಷದಲ್ಲಿ ಚೀಲ ಸ್ವಚ್ಛವಾಯಿತು. ಮೈಮೇಲಿನ ಕವಚವನ್ನೂ ಬಿಡಲಿಲ್ಲ.

ಅಕ್ಕ ತಟ್ಟೆ ಹಿಡಿದು ಬಂದವಳು ಪರದೆ ನೋಡಿ ನಿಂತಳು.

"ಚೀಲ ಎಂತ ಮಾಡಿದಿ?"

"ಕ್ಲೀನ್ ಮಾಡಿದೆ."

ಅವಳು ತಟ್ಟೆ ಕೆಳಗಿಟ್ಟು ಕೂತಳು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದು ಎರಡು ವರ್ಷದ ಚಾಲಿ ಮಾರಾಯ್ತಿ. ಒಳ್ಳೆದು ಸಿಕ್ಕಿದ್ದನ್ನೆಲ್ಲ ಅವಳಿಗೇ ಇಟ್ಟಿದ್ದೆ. ನಂಗೆ ಪಟೋರ ಸಾಕು."

"ಅವಳಿಗೆ ಯಾಕೆ? ಯಾರು ಅಕ್ಕ ಅವಳು?"

"ನೀನು."

ನಾನು ಪರದೆ ನೋಡಿದೆ. ಅಕ್ಕ ಆಡಿಸುವವಳು ಹರಕು ಅಂಗಿ ತೊಟ್ಟು, ಬಿರುಕು ಕತ್ತಿ ಹಿಡಿದು ನಿಂತಿದ್ದಳು.

"ಗುಹೆಯ ಆಚೆ ಬದಿಯಲ್ಲಿ ಬಾಗಿಲು ಉಂಟು" ಎಂದಳು ಅಕ್ಕ. "ಇಬ್ಬರು ಇರುವಾಗ ಒಬ್ಬಳೇ ಹೋಗ್ಲಿಕ್ಕೆ ಬಿಡುದಿಲ್ಲ ಅದು. ಇಬ್ಬರೂ ಬಾಗಿಲ ಹತ್ತಿರ ಬರಬೇಕು."

"ನನ್ನನ್ನು ಆಟದಿಂದ ತೆಗೆದುಬಿಟ್ಟರೆ?"

"ತೆಗೀಬಹುದು. ಒಂದು ಗುಂಡಿ ಒತ್ತಿದರೆ ಆಯ್ತು."

ಎರಡು ವರ್ಷದಿಂದ ಅವಳು ಆ ಗುಂಡಿ ಒತ್ತಿರಲಿಲ್ಲ. ನಾನಾದರೋ ವಾರ ವಾರವೂ ಕಂಟ್ರೋಲರನ್ನು ಶಿಸ್ತಾಗಿ ಕಪಾಟಿಗೆ ಸೇರಿಸಿದ್ದೆ.

ಅಕ್ಕ ಗಡಿಯಾರ ನೋಡಿದಳು. "ಹೊರಡು, ನಿನ್ನ ಬಸ್ಸು ಹೋಗ್ತದೆ."

"ಹೋಗಲಿ" ಎಂದೆ. "ನಡೆಯುವುದಕ್ಕೆ ಯಾವುದು ಒತ್ತಬೇಕು?"

ಅವಳು ತೋರಿಸಿದಳು. ನಾನು ಮೊದಲು ಗೋಡೆಗೆ ಹೋಗಿ ಗುದ್ದಿದೆ, ಆಮೇಲೆ ನೀರಿಗಿಳಿದೆ, ಕೊನೆಗೆ ಹೇಗೋ ಬಾಗಿಲ ಮುಂದೆ ಬಂದೆ. ಬಾಗಿಲು ತೆರೆಯಿತು. ಆಚೆ ಬರೀ ಕತ್ತಲೆ.

"ನನ್ನ ಹಿಂದೆಯೇ ಬಾ" ಎಂದು ಅಕ್ಕ ಮುಂದಾದಳು. "ನಿನ್ನ ಮೈಮೇಲೆ ಈಗ ಎಂತದೂ ಇಲ್ಲ."