ಅಜ್ಜಿಯ ಹೆಪ್ಪು, ಕಾವಲುಗಾರನ ಬೆಕ್ಕು

ಜೀನ್ ಲ್ಯಾಬಿನಲ್ಲಿ ಕೆಲಸ ಮಾಡುವವರ ಮುಂದೆ ಯಾರೂ ವಂಶದ ಬಡಾಯಿ ಕೊಚ್ಚಬಾರದು. ಆದರೂ ಜನ ಕೊಚ್ಚುತ್ತಾರೆ. ಮೊದಲು ತಮ್ಮ ವಂಶ, ಅದು ಮುಗಿದರೆ ನಾಯಿಯದು, ಬೆಕ್ಕಿನದು, ತೋಟದ ಮರದ್ದು. ನಾವು ಸುಮ್ಮನೆ ಕೇಳಿಸಿಕೊಂಡು ಒಂದು ಹತ್ತಿಕಡ್ಡಿ ಮುಂದೆ ಹಿಡಿಯುತ್ತೇವೆ. ಆಮೇಲೆ ಆಗುವುದೆಲ್ಲ ಮುಂದೆ ಹೇಳುವಂಥದ್ದೇ.

ನಾನಿರುವುದು ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ, ಜೀನ್ ಲ್ಯಾಬಿನ ಉಸ್ತುವಾರಿಯಾಗಿ. ಸೇರಿದ್ದು ಗಾಜಿನ ಸಾಮಾನು ತೊಳೆಯುವುದಕ್ಕೆ. ಪಿಯುಸಿಯ ನಂತರ ಮನೆಯಲ್ಲಿ ಯಾರೂ ಓದಿಸಲಿಲ್ಲ, ಹಾಗಾಗಿ ನಾನೇ ಓದಿಕೊಂಡೆ. ಹಳೆಯದಾಯಿತೆಂದು ಪ್ರೊಫೆಸರುಗಳು ಕಪಾಟಿನಿಂದ ಹೊರಗಿಟ್ಟ ಪುಸ್ತಕಗಳೆಲ್ಲ ನನ್ನ ಮನೆ ಸೇರಿದವು. ಈಗ ಪಿಎಚ್‌ಡಿ ಮಾಡುವವರು ಯಂತ್ರ ಮುಟ್ಟುವ ಮೊದಲು ನನ್ನನ್ನು ಕೇಳುತ್ತಾರೆ. ಈ ವಿಷಯವನ್ನು ನಾನು ಆಗಾಗ ಹೇಳುತ್ತಿರುತ್ತೇನೆ. ಈಗಲೂ ಹೇಳಿದ್ದಾಯಿತು.

ಲ್ಯಾಬಿನ ಬಾಗಿಲ ಮೇಲಿರುವ ನಿಯಮವೂ ನಾನೇ ಮಾಡಿದ್ದು. ಫಲಿತಾಂಶ ಬಂದ ಮೇಲೆ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ವಾದವಿಲ್ಲ.

ಕಳೆದ ವರ್ಷ ಸಾರ್ವಜನಿಕರು ಬಂದು ಲ್ಯಾಬ್ ನೋಡುವ ದಿನಕ್ಕೆಂದು ಪ್ರೊಫೆಸರ್ ಮೂರು ಮೇಜು ಹಾಕಿಸುವುದಾಗಿ ಹೇಳಿದರು. ಒಂದು ಪ್ರಾಣಿ, ಒಂದು ಗಿಡ, ಒಂದು ಸೂಕ್ಷ್ಮಜೀವಿ. ಮೂರಕ್ಕೂ ಒಳ್ಳೆಯ ವಂಶದ ಕಥೆ ಇರಬೇಕು, ನಾವು ಜೀನ್ ಓದಿ ಅದನ್ನು ತೋರಿಸಬೇಕು. ಸೂಕ್ಷ್ಮಜೀವಿಯ ಮೇಜು ನನ್ನದು ಎಂದು ನಾನು ಅಲ್ಲೇ ಹೇಳಿಬಿಟ್ಟೆ.

ಕಾರಣವಿತ್ತು. ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬರುವಾಗ ನಾನು ಸ್ಟೀಲ್ ಡಬ್ಬಿಯಲ್ಲಿ ನನ್ನ ಅಜ್ಜಿಯ ಮನೆಯ ಮೊಸರಿನ ಹೆಪ್ಪು ತಂದಿದ್ದೆ. ಅಜ್ಜಿಗೆ ಅದು ಅವರ ಅಜ್ಜಿಯಿಂದ ಬಂದದ್ದು. ಆಗಿನಿಂದ ನಮ್ಮ ಮನೆಯಲ್ಲಿ ಅದೇ ಹೆಪ್ಪು. ಬಾಂಗ್ಸಾರ್, ಬ್ರಿಕ್‌ಫೀಲ್ಡ್ಸ್ ಹೀಗೆ ರಾಜಧಾನಿಯ ಯಾವ ಬಡಾವಣೆಗೆ ಹೊಸದಾಗಿ ಕನ್ನಡದವರ ಸಂಸಾರ ಬಂದಿಳಿದರೂ ನಾನು ಒಂದು ಬಟ್ಟಲು ಹೆಪ್ಪು, ಜೊತೆಗೆ ಅದರ ಚರಿತ್ರೆ, ಎರಡನ್ನೂ ಕೊಟ್ಟು ಬರುತ್ತಿದ್ದೆ. ಚರಿತ್ರೆ ಸ್ವಲ್ಪ ಉದ್ದ ಎಂದು ನನ್ನ ಗಂಡ ಹೇಳುತ್ತಿದ್ದರು.

ಮೇಜಿನ ಬೋರ್ಡನ್ನು ಮೊದಲೇ ಬರೆಸಿದೆ: ‘ಸಮುದ್ರ ದಾಟಿ ಬಂದ ಅಜ್ಜಿಯ ಹೆಪ್ಪು’. ಮಲಯ್, ಇಂಗ್ಲಿಷ್ ಸಾಲುಗಳ ಕೆಳಗೆ ಕನ್ನಡದ ಸಾಲೂ ಇರಬೇಕೆಂದು ಹಟ ಹಿಡಿದೆ. “ಅದನ್ನು ಓದುವವರು ಯಾರು?” ಎಂದರು ಪ್ರೊಫೆಸರ್. “ನಾನು ಓದುತ್ತೇನೆ” ಎಂದೆ.

ನನ್ನ ಸಹಾಯಕಿ ಮಂಗಳೂರಿನ ಕ್ರಿಶ್ಚಿಯನ್ ಹೆಂಗಸು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಬೋರ್ಡ್ ನೋಡಿ, “ಅಲ್ಲ ಅಕ್ಕ, ಪರೀಕ್ಷೆಗೆ ಮೊದಲೇ ಬೋರ್ಡ್ ಬರೆಸುದಾ? ಫಲಿತಾಂಶ ಬೇರೆ ಬಂದ್ರೆ ಎಂತ ಮಾಡ್ತೀರಿ?” ಎಂದಳು.

“ಗಟ್ಟಿಯಾಗಿ ಓದುತ್ತೇನೆ” ಎಂದೆ. ಹಾಗೆ ಹೇಳಿದ್ದು ಸುಲಭವಾಗಿತ್ತು.

೧. ವಿಮಾನದಲ್ಲಿ ಬಂದವನ ಮಗಳು

ಪ್ರಾಣಿಯ ಮೇಜಿಗೆ ಗೇಟಿನ ಕಾವಲುಗಾರ ತನ್ನ ಬೆಕ್ಕನ್ನು ಕೊಡಲು ಒಪ್ಪಿದ. ಅವನು ಇಲ್ಲೇ ಹುಟ್ಟಿ ಬೆಳೆದ ತಮಿಳಿನವನು, ನಿವೃತ್ತಿಗೆ ಹತ್ತಿರವಾದವನು. ಬೆಕ್ಕಿಗೆ ರಾಣಿ ಎಂದು ಹೆಸರು. ಬಿಳಿ ಉಣ್ಣೆಯ ಉಂಡೆಯ ಹಾಗಿದ್ದಾಳೆ.

“ಅಸಲಿ ಪರ್ಶಿಯನ್ ಲಾ ಮ್ಯಾಡಮ್. ಇವಳ ಅಪ್ಪ ವಿಮಾನದಲ್ಲಿ ಬಂದವನು” ಎಂದ. ಮಾತಿನ ಕೊನೆಗೆ ಒಂದು ‘ಲಾ’ ಸೇರಿಸುವುದು ಇಲ್ಲಿಯವರ ರೂಢಿ. ವಿಮಾನ ನಿಲ್ದಾಣ ನಮಗೆ ಹತ್ತಿರ. ಹಾಗಾಗಿ ಇಲ್ಲಿ ಯಾರ ಅಪ್ಪ ವಿಮಾನದಲ್ಲಿ ಬಂದ ಎಂದರೂ ನಂಬಬಹುದು.

ರಾಣಿಯ ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಯಂತ್ರಕ್ಕೆ ಕೊಟ್ಟೆವು. ಮೊದಲ ಫಲಿತಾಂಶದ ಪ್ರಕಾರ ರಾಣಿ ಬೆಕ್ಕಲ್ಲ, ಮೀನು. ಕಾವಲುಗಾರನನ್ನು ಕರೆಸಿ ಕೇಳಿದರೆ, “ದೊಡ್ಡ ಪರೀಕ್ಷೆ ಅಲ್ವಾ ಮ್ಯಾಡಮ್, ಖಾಲಿ ಹೊಟ್ಟೆಯಲ್ಲಿ ಹೇಗೆ ಕಳಿಸಲಿ? ಒಂದು ಡಬ್ಬಿ ಸಾರ್ಡೀನ್ ಮೀನು ತಿನ್ನಿಸಿ ತಂದೆ” ಎಂದ.

ಬಾಯಿ ತೊಳೆಸಿ ಮತ್ತೆ ಮಾಡಿದೆವು. ಈ ಸಲ ಬೆಕ್ಕೇ ಬಂತು. ಪರ್ಶಿಯನ್ ಮಾತ್ರ ಬರಲಿಲ್ಲ. ಹೋಲಿಕೆಗೆಂದು ಕ್ಯಾಂಪಸ್ಸಿನ ಸುತ್ತಮುತ್ತಲ ಬೆಕ್ಕುಗಳದ್ದೂ ತೆಗೆದಿದ್ದೆವು. ಎದುರಿನ ಮಾಮಾಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನ ಮೇಜಿನ ಕೆಳಗೆ ಮಲಗಿರುತ್ತದಲ್ಲ ಒಂದು ಕಿವಿ ಹರಿದ ಗಂಡು ಬೆಕ್ಕು, ರೊಟ್ಟಿಯ ಚೂರಿಗೆ ಕಾಯುತ್ತ, ಅದು ರಾಣಿಯ ಸ್ವಂತ ಅಪ್ಪ.

ನಿಯಮದಂತೆ ಗಟ್ಟಿಯಾಗಿ ಓದಿದೆ. ಕಾವಲುಗಾರ ರಾಣಿಯನ್ನು ಎತ್ತಿಕೊಂಡು, ಅವಳ ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟು ಮುಚ್ಚಿದ.

“ನನಗೆ ಪರವಾಗಿಲ್ಲ ಮ್ಯಾಡಮ್” ಎಂದ. “ಬೆಕ್ಕಿಗೆ ಹೇಳಬೇಡಿ ಲಾ.”

೨. ಕಳ್ಳ ಯಾರು

ಗಿಡದ ಮೇಜಿಗೆ ದುರಿಯನ್, ಹಲಸಿನಂಥ ಮುಳ್ಳುಹಣ್ಣಿನ ಮರ, ನಿಗದಿಯಾಯಿತು. ಊರಾಚೆ ಗುಡ್ಡದ ಕಡೆ ತೋಟವಿರುವ ಒಬ್ಬ ಚೀನೀ ಯಜಮಾನರು ತಾವೇ ಎಲೆ ತಂದುಕೊಟ್ಟರು. ಅವರ ಅಪ್ಪ ಬೆಳೆಸಿದ ತಳಿಯಂತೆ. ಅಂಥ ಹಣ್ಣು ಜಗತ್ತಿನಲ್ಲಿ ಇನ್ನೊಂದಿಲ್ಲ. ಪಕ್ಕದ ತೋಟದವನೊಬ್ಬ ತನ್ನದೂ ಅಂಥದ್ದೇ ಎಂದು ಹೇಳಿಕೊಂಡು ತಿರುಗುತ್ತಾನೆ, ಅವನ ಬಾಯಿ ಮುಚ್ಚಿಸಬೇಕು.

ಮಾರನೆಯ ದಿನ ಪಕ್ಕದ ತೋಟದವರೂ ಎಲೆ ತಂದರು. ಅದೇ ಕಥೆ, ಅಪ್ಪ ಮಾತ್ರ ಬೇರೆ.

ಫಲಿತಾಂಶ ಓದುವ ದಿನ ಇಬ್ಬರನ್ನೂ ಕರೆದೆವು. ಎರಡೂ ಮರಗಳ ಜೀನು ಒಂದಕ್ಷರವೂ ವ್ಯತ್ಯಾಸವಿಲ್ಲದೆ ಒಂದೇ. ಅಂದರೆ ಒಂದು ಮರದ ಕೊಂಬೆ ತಂದು ಇನ್ನೊಂದನ್ನು ಕಸಿ ಕಟ್ಟಿದ್ದಾರೆ.

“ನೋಡಿ, ಇವನ ಅಪ್ಪ ಕದ್ದ!” ಎಂದರು ಮೊದಲನೆಯವರು.

“ನೋಡಿ, ಇವನ ಅಪ್ಪ ಕದ್ದ!” ಎಂದರು ಎರಡನೆಯವರು.

ಇಬ್ಬರೂ ಒಟ್ಟಿಗೆ ಪ್ರೊಫೆಸರ್ ಕಡೆ ತಿರುಗಿದರು. ಒಂದೇ ವಂಶ ಎನ್ನುವುದನ್ನು ಯಂತ್ರ ಹೇಳುತ್ತದೆ, ಬೇಲಿ ಹಾರಿದವರು ಯಾರು ಎನ್ನುವುದನ್ನು ಹೇಳುವುದಿಲ್ಲ ಎಂದರು ಪ್ರೊಫೆಸರ್. ಹಾಗಾದರೆ ಇಷ್ಟು ದೊಡ್ಡ ಯಂತ್ರ ಯಾಕೆ ಎಂದು ಇಬ್ಬರೂ ಒಂದೇ ದನಿಯಲ್ಲಿ ಬೈದರು. ಆಮೇಲೆ ಬಾಗಿಲ ಮೇಲಿನ ನಿಯಮ ತೋರಿಸಿ ಹೊರಗೆ ಕಳಿಸಿದೆ. ಮೆಟ್ಟಿಲಿಳಿಯುವಾಗಲೂ ಕಳ್ಳ, ಕಳ್ಳ ಎಂದು ಕೂಗಾಡುತ್ತಲೇ ಇದ್ದರು.

ಮಹಡಿಯ ಕಿಟಕಿಯಿಂದ ನೋಡಿದೆ. ಇಬ್ಬರೂ ಬಂದದ್ದು ಒಂದೇ ಪಿಕಪ್ ಗಾಡಿಯಲ್ಲಿ. ಹತ್ತಿ ಕೂತು ಹೋದರು.

೩. ಗ್ಯಾಸ್

ಅವರಿಬ್ಬರೂ ನಮ್ಮ ತೀರ್ಪು ತಮ್ಮ ಕಡೆಗೇ ಬರಲೆಂದು ಹಣ್ಣು ತಂದಿದ್ದರು. ದುರಿಯನ್ ವಾಸನೆ ಗೊತ್ತಿಲ್ಲದವರಿಗೆ ವಿವರಿಸಲಾಗದು, ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಮೇಲಿನ ಮಹಡಿಯ ಕೆಮಿಸ್ಟ್ರಿಯವರು ಗ್ಯಾಸ್ ಸೋರುತ್ತಿದೆ ಎಂದು ಗಂಟೆ ಬಾರಿಸಿದರು. ಇಡೀ ಕಟ್ಟಡ ಖಾಲಿಯಾಗಿ ಎಲ್ಲರೂ ಅಂಗಳದಲ್ಲಿ ನಿಂತೆವು.

ನಮ್ಮ ಪ್ರೊಫೆಸರ್ ಮಾತ್ರ ಕಾಣಲಿಲ್ಲ. ಒಳಗೆ ಸಿಕ್ಕಿಕೊಂಡರೇನೋ ಎಂದು ಗ್ಯಾಸ್ ಮಾಸ್ಕ್ ಹಾಕಿಕೊಂಡ ಇಬ್ಬರು ಹುಡುಕಲು ಹೋದರು. ಹೋದವರೂ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಮೂವರೂ ಒಟ್ಟಿಗೆ ಬಂದರು, ಬಾಯಿ ಒರೆಸಿಕೊಳ್ಳುತ್ತ.

೪. ಹೊರಗಿನದೊಂದು

ಇನ್ನು ನನ್ನ ಸರದಿ. ಎರಡು ಮೇಜಿನ ಕಥೆಗಳೂ ಬಿದ್ದುಹೋಗಿದ್ದವು. ಲ್ಯಾಬಿನ ಮರ್ಯಾದೆ ಉಳಿಯುವುದಾದರೆ ನನ್ನ ಅಜ್ಜಿಯಿಂದಲೇ ಎಂದು ಪ್ರೊಫೆಸರ್ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು.

ನಾನು ದೊಡ್ಡದಾಗಿಯೇ ಯೋಚಿಸಿದೆ. ನಮ್ಮ ಮನೆಯ ಮೊಸರು ಮಾತ್ರವಲ್ಲ, ನಾನು ಹೆಪ್ಪು ಕೊಟ್ಟ ಎಲ್ಲ ಮನೆಗಳಿಂದಲೂ ಮೊಸರು ತರಿಸುವುದು, ಎಲ್ಲದರ ಜೀನ್ ಓದಿಸಿ ಅಜ್ಜಿಯ ಹೆಪ್ಪು ಮಲೇಷ್ಯಾದಲ್ಲಿ ಎಷ್ಟು ಕವಲೊಡೆದಿದೆ ಎಂದು ಮರದ ಚಿತ್ರ ಬರೆದು ತೋರಿಸುವುದು. ಫೋನು ಮಾಡಿದಾಗ ಬಾಂಗ್ಸಾರಿನಾಕೆ ಸ್ವಲ್ಪ ತಡವರಿಸಿದಳು. “ಮೊಸರೇ ಬೇಕಾ ಅಕ್ಕ? ಪಲ್ಯ ಏನಾದ್ರೂ ಕಳಿಸ್ಲಾ?” ಎಂದಳು. ನಾಚಿಕೆ ಸ್ವಭಾವ ಎಂದುಕೊಂಡೆ. ಎಲ್ಲರೂ ಕಳಿಸಿದರು.

ನನ್ನ ಗಂಡ ಅದೇ ವಾರ ನನಗೆ ಎರಡೆರಡು ಸಲ ಹೇಳಿದರು. “ಮೊಸರು ಯಾಕೆ? ಇಡ್ಲಿ ಹಿಟ್ಟಿನದು ಮಾಡಬಾರದಾ? ಅದೂ ಸೂಕ್ಷ್ಮಜೀವಿನೇ ತಾನೆ?” ಸಾಫ್ಟ್‌ವೇರ್‌ನವರಿಗೆ ಜೀವಶಾಸ್ತ್ರದ ಮೇಲೆ ಆಸಕ್ತಿ ಬಂದಿದೆ ಎಂದು ಸಂತೋಷಪಟ್ಟೆ.

ಪರೀಕ್ಷೆಯಲ್ಲಿ ಹೋಲಿಕೆಗೆಂದು ಸಂಬಂಧವೇ ಇಲ್ಲದ ಹೊರಗಿನದೊಂದು ಇರಲೇಬೇಕು, ಇಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ. ಮಂಗಳೂರಿನವಳಿಗೆ ಇದನ್ನು ಕಲಿಸಿದವಳು ನಾನೇ. ಅವಳು ಸೂಪರ್‌ಮಾರ್ಕೆಟ್ಟಿಗೆ ಹೋಗಿ ನೀಲಿ ಮುಚ್ಚಳದ ಒಂದು ಡಬ್ಬಿ ಮೊಸರು ತಂದಳು.

ಫಲಿತಾಂಶ ಪರದೆಯ ಮೇಲೆ ಬರುವಾಗ ಎಲ್ಲರೂ ಸುತ್ತ ನಿಂತಿದ್ದರು. ನಮ್ಮ ಮನೆ, ಬಾಂಗ್ಸಾರ್, ಬ್ರಿಕ್‌ಫೀಲ್ಡ್ಸ್, ಎಲ್ಲ ಮನೆಗಳೂ ಒಂದೇ ವಂಶ! ಪ್ರೊಫೆಸರ್ ನನ್ನ ಕೈ ಕುಲುಕಿದರು. ನಾನು ಅಜ್ಜಿಯನ್ನು ನೆನೆದೆ.

“ಅಕ್ಕ” ಎಂದಳು ಮಂಗಳೂರಿನವಳು. “ಕೊನೆಯ ಸಾಲು ಓದ್ಲಿಲ್ಲ ನೀವು.”

ಕೊನೆಯ ಸಾಲು ನೀಲಿ ಮುಚ್ಚಳದ್ದು. ಅದೂ ಅದೇ ವಂಶ.

ಯಂತ್ರ ಕೆಟ್ಟಿದೆ ಎಂದೆ. ಮತ್ತೆ ಮಾಡಿಸಿದೆ. ಬೇರೆ ಅಂಗಡಿಯಿಂದ ಡಬ್ಬಿ ತರಿಸಿದೆ. ನಾನೇ ಕೂತು ಮಾಡಿದೆ. ಫಲಿತಾಂಶ ಬದಲಾಗಲಿಲ್ಲ.

“ಹಾಗಾದ್ರೆ ಎಂತ ಅಕ್ಕ, ಆ ಕಂಪೆನಿಯವ್ರು ನಿಮ್ಮನೆಗೆ ನುಗ್ಗಿ ಹೆಪ್ಪು ಕದ್ದದ್ದಾ?” ಎಂದಳು ಅವಳು, ಮುಖದಲ್ಲಿ ನಗು ತೋರಿಸದೆ.

“ಇರಬಹುದು” ಎಂದೆ.

೫. ಓದಿದ ಮೇಲೆ ವಾದವಿಲ್ಲ

ಪ್ರದರ್ಶನದ ದಿನ ಬಂತು. ಬೋರ್ಡ್ ಬೇಕಾದರೆ ತೆಗೆಯೋಣ, ಮೇಜಿಗೆ ಬೇರೆ ಏನಾದರೂ ಇಡೋಣ ಎಂದರು ಪ್ರೊಫೆಸರ್. ನಾನು ಒಪ್ಪಲಿಲ್ಲ. ಕಾವಲುಗಾರನ ಮುಂದೆ ಓದಿದವಳು, ತೋಟದವರ ಮುಂದೆ ಓದಿದವಳು ನನ್ನದು ಬಂದಾಗ ಬೋರ್ಡ್ ಮಡಚಿಟ್ಟರೆ ನಾಳೆ ಆ ಬಾಗಿಲಲ್ಲಿ ಹೇಗೆ ಓಡಾಡಲಿ?

ಹೆಪ್ಪು ಪಡೆದ ಸಂಸಾರಗಳೆಲ್ಲ ಬಂದಿದ್ದವು. ಹೆಂಗಸರು ಒಳ್ಳೆಯ ಸೀರೆ ಉಟ್ಟಿದ್ದರು. ನನ್ನ ಗಂಡ ಬೆಕ್ಕಿನ ಮೇಜಿನ ಹತ್ತಿರ ನಿಂತು, ಅಗತ್ಯಕ್ಕಿಂತ ಹೆಚ್ಚು ಹೊತ್ತು ರಾಣಿಯನ್ನು ನೋಡುತ್ತಿದ್ದರು.

ಕನ್ನಡದಲ್ಲೇ ಓದಿದೆ, ಗಟ್ಟಿಯಾಗಿ. ಇದು ಅಜ್ಜಿಯ ಹೆಪ್ಪಲ್ಲ. ಇಲ್ಲಿರುವ ಯಾರ ಮನೆಯ ಮೊಸರೂ ಅಜ್ಜಿಯದಲ್ಲ. ಎಲ್ಲವೂ ಸೂಪರ್‌ಮಾರ್ಕೆಟ್ಟಿನ ನೀಲಿ ಮುಚ್ಚಳದ ಡಬ್ಬಿಯ ಸಂತಾನ. ಇಷ್ಟು ವರ್ಷ ನಾನು ನಿಮಗೆ ಹೇಳಿದ ಚರಿತ್ರೆಯನ್ನು ಹಿಂತೆಗೆದುಕೊಂಡಿದ್ದೇನೆ.

ಬಾಂಗ್ಸಾರಿನಾಕೆ ಜೋರಾಗಿ ಉಸಿರು ಬಿಟ್ಟಳು.

“ಅಬ್ಬ! ಈಗ ಹೇಳ್ಬಹುದಾ ಅಕ್ಕ? ನೀವು ಕೊಟ್ಟ ಹೆಪ್ಪು ನಮ್ಮನೇಲಿ ಒಂದು ವಾರನೂ ಬದುಕ್ಲಿಲ್ಲ. ನಿಮಗೆ ಹೇಳೋಕೆ ಭಯ. ಭಾವನಿಗೆ ಫೋನ್ ಮಾಡಿದ್ವಿ. ನೀಲಿ ಮುಚ್ಚಳದ್ದು ತಗೊಳ್ಳಿ, ಅವಳಿಗೆ ಗೊತ್ತಾಗಲ್ಲ ಅಂದ್ರು.”

“ನಮಗೂ ಅದನ್ನೇ ಹೇಳಿದ್ರು!” ಎಂದರು ಬ್ರಿಕ್‌ಫೀಲ್ಡ್ಸ್‌ನವರು.

“ನಮಗೆ ಡಬ್ಬಿ ಫೋಟೋ ಕಳಿಸಿದ್ರು” ಎಂದಿತು ಹಿಂದಿನಿಂದ ಇನ್ನೊಂದು ದನಿ.

ಎಲ್ಲರೂ ಬೆಕ್ಕಿನ ಮೇಜಿನ ಕಡೆ ತಿರುಗಿದರು. ನನ್ನ ಗಂಡ ನಿಧಾನವಾಗಿ ತಲೆಯೆತ್ತಿದರು.

“ಅವರ ಮನೆಗಳದ್ದು ಸರಿ. ನಮ್ಮನೇದು ಹೇಗ್ರೀ ಸತ್ತಿತು?” ಎಂದು ಕೇಳಿದೆ.

“ನೀನು ತಂಗಿ ಮದುವೆಗೆ ಊರಿಗೆ ಹೋಗಿದ್ಯಲ್ಲ, ಆಗ. ಫ್ರಿಜ್ಜಿನಿಂದ ಹೊರಗೆ ಮರೆತುಬಿಟ್ಟೆ. ನೀನು ಬರೋ ದಿನ ಬೆಳಿಗ್ಗೆ ಅಂಗಡಿಗೆ ಓಡಿ ಆ ಡಬ್ಬಿ ತಂದು ಸ್ಟೀಲ್ ಡಬ್ಬಿಗೆ ಸುರಿದೆ. ರಾತ್ರಿ ಊಟದ ಹೊತ್ತಿಗೆ ಹೇಳೋಣ ಅಂತಾನೇ ಇದ್ದೆ ಕಣೇ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಮೊದಲ ತುತ್ತು ತಿಂದು ಕಣ್ಣು ಮುಚ್ಚಿದೆ. ‘ಈ ರುಚಿ ಅಂಗಡಿ ಮೊಸರಿಗೆ ಎಲ್ಲಿಂದ ಬರಬೇಕು’ ಅಂದೆ. ಆಮೇಲೆ ನಾನು ಏನು ಹೇಳಲಿ?”

ಮಂಗಳೂರಿನವಳು ಮೇಜು ಹಿಡಿದುಕೊಂಡು ಕೆಳಗೆ ಕೂತಳು. ಪ್ರೊಫೆಸರಿಗೆ ಯಾರೋ ಇಂಗ್ಲಿಷಿನಲ್ಲಿ ಹೇಳಿದರು, ಅವರು ಗೋಡೆಯ ಕಡೆ ತಿರುಗಿ ನಿಂತರು, ಬೆನ್ನು ಕುಲುಕುತ್ತಿತ್ತು. ನಾನು ಫಲಿತಾಂಶದ ಹಾಳೆಯನ್ನು ಬೋರ್ಡಿನ ಕೆಳಗೆ ನೇರವಾಗಿ, ನಾಲ್ಕೂ ಮೂಲೆಗೆ ಟೇಪ್ ಹಾಕಿ ಅಂಟಿಸಿದೆ. ಓದಿದ ಮೇಲೆ ವಾದವಿಲ್ಲ.

ಕಾವಲುಗಾರ ರಾಣಿಯನ್ನು ಎತ್ತಿಕೊಂಡು ಬಂದ. ಗಲಾಟೆ ಏನೆಂದು ಯಾರೋ ಅವನಿಗೆ ತಮಿಳಿನಲ್ಲಿ ತಿಳಿಸಿದ್ದರು. ಬೋರ್ಡ್ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಮೊಸರಿನ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಒತ್ತಿ ಮುಚ್ಚಿ, ದನಿ ತಗ್ಗಿಸಿ ಹೇಳಿದ.

“ನಮಗೆ ಪರವಾಗಿಲ್ಲ ಮ್ಯಾಡಮ್. ಮೊಸರಿಗೆ ಹೇಳಬೇಡಿ ಲಾ.”